ಅಪರೂಪದ ನಾಣ್ಯಕ್ಕೆ ಬೆಲೆ ಏಕಿಲ್ಲ?

ವಿರಳವಾದ ವಸ್ತುವಿಗೆ ಬೆಲೆ ಹೆಚ್ಚು ಎಂಬುದು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿಬಂದಿರುವ ಮಾತು. ಚಿನ್ನ ವಿರಳ, ಆದುದರಿಂದ ದುಬಾರಿ. ಕಬ್ಬಿಣ ಹೇರಳ, ಆದುದರಿಂದ ಅಗ್ಗ. ಹಳೆಯ ನಾಣ್ಯಗಳಿಗೂ ಇದೇ ನಿಯಮ ಅನ್ವಯಿಸಬೇಕೆಂದು ತೋರುವುದು ಸಹಜ. ಆದರೆ ನಾಣ್ಯಗಳ ಮಾರಾಟವನ್ನು ಸ್ವಲ್ಪ ಗಮನಿಸಿದವರಿಗೆ ಒಂದು ವಿಚಿತ್ರ ಸಂಗತಿ ಕಾಣಿಸುತ್ತದೆ. 1939ನೆಯ ಇಸವಿಯನ್ನು ಹೊತ್ತ ಬೆಳ್ಳಿಯ ರೂಪಾಯಿಯೊಂದು ಹರಾಜಿಗೆ ಬಂದರೆ ಕೊಳ್ಳುವವರು ಒಬ್ಬರ ಮೇಲೊಬ್ಬರು ಸವಾಲು ಏರಿಸುತ್ತಾರೆ. ಅದಕ್ಕಿಂತ ಸಾವಿರದೈನೂರು ವರ್ಷಕ್ಕೂ ಹೆಚ್ಚು ಹಳೆಯದಾದ ಬನವಾಸಿಯ ಸೀಸದ ನಾಣ್ಯವು ಅದೇ ಹರಾಜಿಗೆ ಬಂದರೆ, ಸಾಮಾನ್ಯವಾಗಿ ಕೆಲವೇ ಸಾವಿರ ರೂಪಾಯಿಗೆ ಮಾರಾಟವಾಗಿ ಹೋಗುತ್ತದೆ. ಎರಡೂ ವಿರಳವೇ. ಹಾಗಾದರೆ ಈ ಅಂತರಕ್ಕೆ ಕಾರಣವೇನು? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಲು ಅರ್ಥಶಾಸ್ತ್ರವೂ ಭೌತಶಾಸ್ತ್ರವೂ ಸ್ವಲ್ಪ ಸ್ವಲ್ಪ ನೆರವಾಗಬೇಕು.

ಘಟ್ಟದ ಮೇಲೆ ಬಂದ ನಾಣ್ಯಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳು ಸಹ್ಯಾದ್ರಿಯ ನೆತ್ತಿಯ ಮೇಲಿವೆ. ಬಯಲುಸೀಮೆಯ ಸರಕು ಕರಾವಳಿಗೆ ಇಳಿಯುವ ದಾರಿಗಳು ಇಲ್ಲಿಯೇ ಹಾದುಹೋಗುತ್ತವೆ. ಧಾರವಾಡ ಸೀಮೆಯ ಹತ್ತಿಯು ಯಲ್ಲಾಪುರವನ್ನು ದಾಟಿ ಅರಬೈಲು ಘಟ್ಟದಲ್ಲಿಯೂ, ಶಿರಸಿಯನ್ನು ದಾಟಿ ದೇವಿಮನೆ ಘಟ್ಟದಲ್ಲಿಯೂ ಇಳಿದು ಕಾರವಾರ, ಕುಮಟೆಗಳ ಬಂದರನ್ನು ಸೇರುತ್ತಿದ್ದ ಕಾಲವೊಂದಿತ್ತು. ಸರಕು ಹೋದ ದಾರಿಯಲ್ಲಿ ಹಣ ಬರುವುದಷ್ಟೆ. ರಾಜ್ಯಗಳೂ ಈ ಸೀಮೆಯಲ್ಲಿ ಮೇಲಿಂದ ಮೇಲೆ ಬದಲಾದುವು. ಸೋದೆಯ ಅರಸುಮನೆತನವನ್ನು 1763ರಲ್ಲಿ ಹೈದರಾಲಿ ಗೆದ್ದನು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ನಾಡು ಇಂಗ್ಲಿಷರ ಕೈಸೇರಿತು. ಮೊದಲು ಮದರಾಸು ಆಧಿಪತ್ಯದಲ್ಲಿದ್ದು, 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯದೊಂದಿಗೆ ಕೂಡಿತು.

ಆದುದರಿಂದ ಇಲ್ಲಿಯ ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ ನಾನಾ ಬಗೆಯ ನಾಣ್ಯಗಳು ಕೂಡಿಕೊಂಡಿರುವುದು ಆಶ್ಚರ್ಯವಲ್ಲ. ಒಂದು ಕಡೆ ಶಿವಪಾರ್ವತಿಯರ ಚಿತ್ರವೂ ಮತ್ತೊಂದು ಕಡೆ ನಾಗರಿ ಲಿಪಿಯಲ್ಲಿ ಸದಾಶಿವನ ಹೆಸರೂ ಇರುವ ಇಕ್ಕೇರಿಯ ಚಿನ್ನದ ವರಾಹ. ಆನೆಯ ಮುದ್ರೆಯುಳ್ಳ ಟಿಪ್ಪುವಿನ ತಾಮ್ರದ ಕಾಸು. ವಿಕ್ಟೋರಿಯಾ ರಾಣಿಯ ಮತ್ತು ಆಕೆಯ ಅನಂತರದ ದೊರೆಗಳ ರೂಪಾಯಿ. ನಡುವೆ ತೂತುಳ್ಳ 1940ರ ದಶಕದ ಬಿಲ್ಲೆ, ಇವೆಲ್ಲವೂ ಒಂದೇ ಚೀಲದಲ್ಲಿ ಇರಬಹುದು. ಇವುಗಳ ಪೈಕಿ ಇಕ್ಕೇರಿಯ ವರಾಹವು ಅತಿ ವಿರಳವೇನೂ ಅಲ್ಲ. ಅದರ ಚಿತ್ರವನ್ನು ಹೈದರಾಲಿಯೂ ಬದಲಿಸದೆ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿ ಚಲಾವಣೆಗೆ ತಂದನು. ಆದರೂ ಅದರ ಬೆಲೆ ಒಂದು ಮಟ್ಟಕ್ಕಿಂತ ಕೆಳಗಿಳಿಯದು. ಏಕೆಂದರೆ ಅದರಲ್ಲಿ ಸುಮಾರು 3.4 ಗ್ರಾಂ ತೂಕದ ಚಿನ್ನವಿದೆ. ಕೊಳ್ಳುವ ಸಂಗ್ರಾಹಕರು ಒಬ್ಬರೂ ಇಲ್ಲದಿದ್ದರೂ ಅಕ್ಕಸಾಲಿಗನು ಇದ್ದೇ ಇರುವನು.

ಬನವಾಸಿಯ ಸೀಸದ ನಾಣ್ಯ

ಇನ್ನು ನಮ್ಮ ಮುಖ್ಯ ಉದಾಹರಣೆಗೆ ಬರೋಣ. ಶಿರಸಿ ತಾಲ್ಲೂಕಿನ ಬನವಾಸಿ ವರದಾ ನದಿಯ ದಂಡೆಯ ಮೇಲಿರುವ ಅತಿ ಪ್ರಾಚೀನ ಪಟ್ಟಣ. ಕದಂಬರ ರಾಜಧಾನಿಯೆಂದು ಅದು ಎಲ್ಲರಿಗೂ ಪರಿಚಿತ. ನಾಲ್ಕನೆಯ ಶತಮಾನದಲ್ಲಿ ಕದಂಬರು ತಲೆಯೆತ್ತುವುದಕ್ಕೆ ಮುಂಚೆ ಅಲ್ಲಿ ಆಳಿದವರು ಚುಟು ವಂಶದ ಅರಸರು. ಶಾತವಾಹನರ ಪ್ರಾಬಲ್ಯ ಕುಗ್ಗಿದ ಕಾಲದಲ್ಲಿ ಇವರು ಈ ಭಾಗದಲ್ಲಿ ನೆಲೆಗೊಂಡಿದ್ದರು. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಮೇಲೆ ಪ್ರಾಕೃತ ಭಾಷೆಯ ಶಾಸನವೊಂದಿದೆ. ಅದು ಇದೇ ವಂಶದ ಅರಸನೊಬ್ಬನ ಹನ್ನೆರಡನೆಯ ಆಳ್ವಿಕೆಯ ವರ್ಷದ್ದು.

ಈ ಅರಸರು ಸೀಸದಲ್ಲಿ ನಾಣ್ಯಗಳನ್ನು ಹೊರಡಿಸಿದರು. ಮುಳಾನಂದನೆಂಬ ಅರಸನ ಒಂದು ನಾಣ್ಯದ ತೂಕ 14.30 ಗ್ರಾಂ, ಅಗಲ 27 ಮಿಲಿಮೀಟರು. ಒಂದು ಮುಖದಲ್ಲಿ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂತಹ ಬೆಟ್ಟ, ಅದರ ಕೆಳಗೆ ಅಲೆಯಲೆಯಾದ ನದಿ. ಮತ್ತೊಂದು ಮುಖದಲ್ಲಿ ಕಟಾಂಜನದೊಳಗೆ ನಿಂತ ಮರ. ಅಂಚಿನ ಸುತ್ತಲೂ ಬ್ರಾಹ್ಮೀ ಲಿಪಿಯಲ್ಲಿ ಅರಸನ ಹೆಸರು. ಕಾರವಾರದ ಕಡೆಯಲ್ಲಿಯೂ, ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯಲ್ಲಿಯೂ ಈ ವರ್ಗದ ನಾಣ್ಯಗಳು ದೊರೆತಿವೆ. ರ್‍ಯಾಪ್ಸನ್ ಎಂಬ ವಿದ್ವಾಂಸನು ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ 1908ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ ಇವುಗಳನ್ನು ವರ್ಣಿಸಿದನು.

ಇಂತಹ ನಾಣ್ಯಗಳು ಲಕ್ಷಗಟ್ಟಲೆ ಉಳಿದಿಲ್ಲ, ಸಾವಿರಗಟ್ಟಲೆಯೂ ಕಾಣಬರುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೊಂದನ್ನು ದೂರದ ಅಮೆರಿಕದಿಂದ ತೆಗೆದುಕೊಳ್ಳೋಣ. 1909ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ, ಶಿಲ್ಪಿಯ ಹೆಸರಿನ ಮೂರು ಆದ್ಯಕ್ಷರಗಳನ್ನು ಹೊತ್ತ ಲಿಂಕನ್ ಸೆಂಟುಗಳು 4,84,000 ಅಚ್ಚಾದುವು. ಅದು ತಾಮ್ರದ ಮಿಶ್ರಲೋಹದ ಒಂದು ಪುಟ್ಟ ಬಿಲ್ಲೆ. ಇಂದಿಗೂ ಸಾವಿರಾರು ಸಂಖ್ಯೆಯಲ್ಲಿ ಉಳಿದಿದೆ. ಆದರೂ ಸವೆದುಹೋದ ಒಂದು ಸೆಂಟಿಗೆ ಸಹ ನಮ್ಮ ಲೆಕ್ಕದಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಯಿದೆ. ಹೀಗೆ ಸಾವಿರಾರು ಉಳಿದಿರುವ ನಾಣ್ಯಕ್ಕೆ ಬೆಲೆ ಹೆಚ್ಚು, ಅದಕ್ಕಿಂತ ವಿರಳವಾಗಿ ಉಳಿದಿರುವುದಕ್ಕೆ ಕಡಿಮೆ. ವಿರಳತೆಯೊಂದೇ ಬೆಲೆಗೆ ಕಾರಣವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆಲೆಯನ್ನು ಗೊತ್ತುಮಾಡುವವನು ಯಾರು?

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಂದು ಜಾತಿಯ ನಾಣ್ಯಗಳು ಜಗತ್ತಿನಲ್ಲಿ ಐದೇ ಇವೆಯೆಂದೂ, ಐದೂ ಮಾರಾಟಕ್ಕೆ ಬಂದಿವೆಯೆಂದೂ ಊಹಿಸಿಕೊಳ್ಳಿ. ಅವನ್ನು ಬಯಸುವವರು ಮೂವರು. ಮೂವರಲ್ಲಿ ಒಬ್ಬನು ಐವತ್ತು ಸಾವಿರ ಕೊಡಲೂ ಸಿದ್ಧನಾಗಿದ್ದಾನೆ. ಆದರೆ ಅಷ್ಟು ಕೊಡಬೇಕಾದ ಪ್ರಸಂಗವೇ ಅವನಿಗೆ ಬರುವುದಿಲ್ಲ. ಮೂವರಿಗೂ ಒಂದೊಂದು ದೊರೆತು, ಇನ್ನೂ ಎರಡು ಉಳಿಯುತ್ತವೆ. ಮಾರುವವನು ಒಪ್ಪುವ ಅತಿ ಕಡಿಮೆ ಬೆಲೆಯೇ ಆಗ ಪೇಟೆಯ ಬೆಲೆಯಾಗುತ್ತದೆ.

ಈಗ ಎರಡನೆಯ ಜಾತಿಯನ್ನು ತೆಗೆದುಕೊಳ್ಳಿ. ನಾಣ್ಯಗಳು ಒಂದು ಸಾವಿರ. ಬಯಸುವವರು ಐದು ಸಾವಿರ. ಅವರನ್ನೆಲ್ಲ ಅವರವರು ಕೊಡಲು ಸಿದ್ಧವಿರುವ ಮೊತ್ತಕ್ಕೆ ಅನುಸಾರವಾಗಿ ಸಾಲಾಗಿ ನಿಲ್ಲಿಸೋಣ. ಮೊದಲ ಸಾವಿರ ಮಂದಿಗೆ ನಾಣ್ಯ ದೊರೆಯುತ್ತದೆ. ಸಾವಿರದ ಒಂದನೆಯವನು ಹತ್ತು ಸಾವಿರ ರೂಪಾಯಿ ಕೊಡಲು ಸಿದ್ಧನಿದ್ದರೆ, ಅವನನ್ನು ಹಿಂದಿಕ್ಕಲು ಉಳಿದವರು ಕಡಮೆಯೆಂದರೂ ಹತ್ತು ಸಾವಿರದಷ್ಟನ್ನು ಕೊಡಲೇಬೇಕು. ಎಂದಮೇಲೆ ಬೆಲೆಯನ್ನು ಗೊತ್ತುಮಾಡುವವನು ಬರಿಗೈಯಲ್ಲಿ ಹಿಂದಿರುಗುವವರ ಪೈಕಿ ಮೊದಲಿಗನು. ಬರಿಗೈಯಲ್ಲಿ ಹಿಂದಿರುಗುವವನೇ ಇಲ್ಲದಿದ್ದರೆ ಬೆಲೆ ಮೇಲೇಳಲು ಆಧಾರವೇ ಇಲ್ಲ. ಐದು ನಾಣ್ಯಗಳ ಜಾತಿಯು ಸಾವಿರ ನಾಣ್ಯಗಳ ಜಾತಿಗಿಂತ ಇನ್ನೂರು ಪಟ್ಟು ವಿರಳವಾಗಿದ್ದರೂ ಅಗ್ಗವಾಗಿ ಉಳಿಯುವ ಗುಟ್ಟು ಇಷ್ಟೆ.

ಶಿರಸಿಯ ಅಡಿಕೆ ವಹಿವಾಟನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ. 1923ರಲ್ಲಿ ಆರಂಭವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂತಹ ಸಂಸ್ಥೆಗಳಲ್ಲಿ ಮಾಲಿನ ರಾಶಿಗಳಿಗೆ ವ್ಯಾಪಾರಿಗಳು ಟೆಂಡರು ಬರೆಯುತ್ತಾರೆ. ಎಷ್ಟು ಮಂದಿ ಬರೆದರು, ಸೋತವರು ಎಲ್ಲಿಯವರೆಗೆ ಏರಿದ್ದರು ಎಂಬುದರ ಮೇಲೆ ದರ ನಿಲ್ಲುವುದೇ ಹೊರತು, ಆ ಬಗೆಯ ಅಡಿಕೆ ಎಷ್ಟು ಕಡಮೆ ಬೆಳೆದಿದೆಯೆಂಬುದೊಂದರ ಮೇಲೆಯೇ ಅಲ್ಲ.

ಕೊಳ್ಳುವವರು ಏಕೆ ಕಡಮೆ?

ಹಾಗಾದರೆ ನಮ್ಮ ಪ್ರಶ್ನೆಯ ರೂಪವೇ ಬದಲಾಯಿತು. ಚುಟು ಅರಸರ ನಾಣ್ಯವನ್ನು ಬಯಸುವವರು ಏಕೆ ಇಷ್ಟು ಕಡಮೆ? ಇದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದು, ಸಾಲು. ಬಹುಮಂದಿ ಸಂಗ್ರಾಹಕರು ನಾಣ್ಯಗಳನ್ನು ಇಸವಿಯ ಸಾಲಿನಲ್ಲಿ ಜೋಡಿಸುತ್ತಾರೆ. ಆರನೆಯ ಜಾರ್ಜ್ ದೊರೆಯ ರೂಪಾಯಿಗಳ ಸಾಲು 1938ರಿಂದ ಆರಂಭವಾಗುತ್ತದೆ. 1938ರದು ಸುಲಭವಾಗಿ ಸಿಗುತ್ತದೆ. 1940ರಿಂದ 1945ರವರೆಗಿನವು ಅರ್ಧಭಾಗ ಮಾತ್ರ ಬೆಳ್ಳಿಯುಳ್ಳವು, ಅವೂ ಸಿಗುತ್ತವೆ. 1947ರದು ನಿಕ್ಕಲಿನದು, ಅದೂ ಸಿಗುತ್ತದೆ. 1939ರದು ಮಾತ್ರ ಸಿಗುವುದಿಲ್ಲ. ಹೀಗೆ ಆ ಸಾಲನ್ನು ಜೋಡಿಸಿದ ಪ್ರತಿಯೊಬ್ಬನ ಪೆಟ್ಟಿಗೆಯಲ್ಲಿಯೂ ಒಂದು ತೆರವು ಉಳಿಯುತ್ತದೆ, ಆ ತೆರವೇ ಅವನನ್ನು ಹರಾಜಿಗೆ ಎಳೆದುಕೊಂಡು ಬರುತ್ತದೆ. ಅಮೆರಿಕದ ಸೆಂಟಿನ ಕಥೆಯೂ ಇದೇ. ಚುಟು ನಾಣ್ಯಗಳಲ್ಲಾದರೋ ಇಸವಿಯಿಲ್ಲ. ಎಷ್ಟು ಬಗೆಗಳು ಸೇರಿದರೆ ಸಾಲು ಪೂರ್ಣವಾಯಿತೆಂದು ಹೇಳುವ ಪಟ್ಟಿಯೂ ಜನರ ಕೈಯಲ್ಲಿಲ್ಲ. ತೆರವು ಕಾಣಿಸದಿದ್ದಲ್ಲಿ ತುಂಬುವ ಆಸೆಯೂ ಹುಟ್ಟದು.

ಎರಡನೆಯದು, ಹೆಸರು ಮತ್ತು ಕಥೆ. 1911ರಲ್ಲಿ ಹೊರಟ ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ, ಅವನ ನಿಲುವಂಗಿಯ ಮೇಲಿನ ಆನೆಯ ಚಿತ್ರವು ಹಂದಿಯಂತೆ ಕಾಣುತ್ತದೆಯೆಂದು ಜನ ಆಕ್ಷೇಪಿಸಿದರು. ಮುಂದಿನ ವರ್ಷವೇ ಆ ಚಿತ್ರವನ್ನು ತಿದ್ದಲಾಯಿತು. ಅಂದಿನಿಂದ ಅದಕ್ಕೆ ಹಂದಿ ರೂಪಾಯಿ ಎಂಬ ಹೆಸರು. ಈ ಕಥೆಯನ್ನು ಕೇಳಿದ ಪ್ರತಿಯೊಬ್ಬನೂ ಒಂದನ್ನು ಇಟ್ಟುಕೊಳ್ಳಬಯಸುತ್ತಾನೆ. ನಮ್ಮ ಮಲೆನಾಡಿನ ಅಪ್ಪೆಮಿಡಿಯ ವಿಷಯವೂ ಹೀಗೆಯೇ ಅಲ್ಲವೆ? ಹೊಳೆಯ ದಂಡೆಯ ಕಾಡುಮರವೊಂದರ ಮಿಡಿ ಎಷ್ಟೇ ಪರಿಮಳದ್ದಾಗಿರಲಿ, ಅದು ಊರೊಳಗೆ ಉಪ್ಪಿನಕಾಯಿಯಾಗಿ ಮುಗಿಯುತ್ತದೆ. ಅನಂತಭಟ್ಟನ ಅಪ್ಪೆಯೆಂಬ ಹೆಸರು ಬಿದ್ದ ಜಾತಿಯನ್ನು ಜನ ದೂರದಿಂದಲೂ ಕೇಳಿಕೊಂಡು ಬರುತ್ತಾರೆ. ಹೆಸರು ಗಿರಾಕಿಗಳನ್ನು ಒಂದೆಡೆ ಸೇರಿಸುತ್ತದೆ.

ಮೂರನೆಯದು, ಓದಲಾಗದ ತೊಡಕು. ಅಚ್ಚು ನಾಣ್ಯದ ಬಿಲ್ಲೆಗಿಂತ ದೊಡ್ಡದಾಗಿದ್ದರೆ ಅಂಚಿನ ಅಕ್ಷರಗಳು ಹೊರಗೆ ಬಿದ್ದುಹೋಗುತ್ತವೆ. ಉಳಿದವು ಬ್ರಾಹ್ಮೀ ಲಿಪಿಯ ಪ್ರಾಕೃತ. ರ್‍ಯಾಪ್ಸನ್ ಒಂದು ಹೆಸರನ್ನು ಚುಟುಕಡಾನಂದ ಎಂದು ಓದಿದನು. ಇತರ ವಿದ್ವಾಂಸರು ಅದನ್ನು ಚುಟುಕುಲಾನಂದ ಎಂದು ಓದಿದರು. ಪಂಡಿತರೇ ಒಂದಕ್ಷರಕ್ಕಾಗಿ ಚರ್ಚಿಸುತ್ತಿರುವಾಗ ಸಾಮಾನ್ಯ ಗಿರಾಕಿಗೆ ಧೈರ್ಯವೆಲ್ಲಿಂದ ಬರಬೇಕು?

ನಾಲ್ಕನೆಯದು, ಸಂಖ್ಯೆಯ ಅನಿಶ್ಚಯ. ಆಧುನಿಕ ಟಂಕಸಾಲೆಗಳು ಎಷ್ಟು ನಾಣ್ಯ ಅಚ್ಚಾದುವೆಂದು ಲೆಕ್ಕವಿಡುತ್ತವೆ. ಪ್ರಾಚೀನ ನಾಣ್ಯಗಳಿಗೆ ಅಂತಹ ಲೆಕ್ಕವಿಲ್ಲ. ಇಂದು ಹತ್ತು ಮಾತ್ರ ಗೊತ್ತಿರುವ ಒಂದು ಬಗೆಯ ನಾಣ್ಯಗಳು ನಾಳೆ ಯಾವುದೋ ಗದ್ದೆಯ ಮಡಕೆಯಲ್ಲಿ ಇನ್ನೂರು ಸಿಗಬಹುದು. ಹೆಚ್ಚು ಹಣ ಕೊಟ್ಟು ಕೊಳ್ಳುವವನಿಗೆ ಈ ಭಯ ಇದ್ದೇ ಇರುತ್ತದೆ.

ಸೀಸದ ಸ್ವಭಾವ

ಐದನೆಯ ಕಾರಣವೇ ಭೌತಶಾಸ್ತ್ರಕ್ಕೆ ಸಂಬಂಧಿಸಿದ್ದು: ಲೋಹದ ಗುಣ. ಹದಿನಾಲ್ಕು ಗ್ರಾಂ ಸೀಸದ ಇಂದಿನ ಬೆಲೆ ಕೆಲವೇ ರೂಪಾಯಿ. ವರಾಹಕ್ಕಿರುವಂತೆ ಇದಕ್ಕೆ ಅಕ್ಕಸಾಲಿಗನ ಆಸರೆಯಿಲ್ಲ.

ಕೃತಕ ನಾಣ್ಯದ ಭಯವೂ ಇಲ್ಲಿ ಹೆಚ್ಚು. ಇದನ್ನು ಒಂದು ಪ್ರಯೋಗದಿಂದ ತಿಳಿಯಬಹುದು. ವಸ್ತುವನ್ನು ಗಾಳಿಯಲ್ಲಿ ತೂಗಿ, ಬಳಿಕ ನೂಲಿನಿಂದ ನೀರಿನಲ್ಲಿ ಇಳಿಬಿಟ್ಟು ತೂಗಿದರೆ, ಅದು ಕಳೆದುಕೊಂಡ ತೂಕವು ಅದು ಸ್ಥಳಾಂತರಿಸಿದ ನೀರಿನ ತೂಕಕ್ಕೆ ಸಮವೆಂಬುದು ಆರ್ಕಿಮಿಡೀಸನ ತತ್ತ್ವ. 1938ರ ರೂಪಾಯಿಯ ತೂಕ 11.66 ಗ್ರಾಂ. ನೀರಿನಲ್ಲಿ ಅದು ಸುಮಾರು 1.13 ಗ್ರಾಂ ಕಳೆದುಕೊಳ್ಳುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ 10.3 ಎಂಬುದು ಆ ಬೆಳ್ಳಿಯ ಸಾಪೇಕ್ಷ ಸಾಂದ್ರತೆ. ಖೋಟಾ ರೂಪಾಯಿಯನ್ನು ತಾಮ್ರದಲ್ಲಿ ಮಾಡಿ ಬೆಳ್ಳಿಯ ಲೇಪ ಕೊಟ್ಟಿದ್ದರೆ ಉತ್ತರವು 9ಕ್ಕೆ ಇಳಿದು ಮೋಸ ಹೊರಬೀಳುತ್ತದೆ. 14.30 ಗ್ರಾಂ ತೂಕದ ಸೀಸದ ನಾಣ್ಯವು ನೀರಿನಲ್ಲಿ 1.26 ಗ್ರಾಂ ಕಳೆದುಕೊಂಡು 11.3 ಎಂಬ ಉತ್ತರವನ್ನು ಕೊಡುತ್ತದೆ. ಆದರೆ ನಿನ್ನೆ ಎರಕಹೊಯ್ದ ಸೀಸವೂ ಇದೇ ಉತ್ತರವನ್ನು ಕೊಡುವುದು! ಚಿನ್ನದ ವರಾಹವನ್ನು ಚಿನ್ನದಲ್ಲಿಯೇ ನಕಲು ಮಾಡುವವನಿಗೆ ಚಿನ್ನದ ವೆಚ್ಚ ಬೀಳುತ್ತದೆ. ಸೀಸವನ್ನು ಸೀಸದಲ್ಲಿಯೇ ನಕಲು ಮಾಡುವವನಿಗೆ ವೆಚ್ಚವೇ ಇಲ್ಲವೆನ್ನಬಹುದು.

ಹಳೆಯ ಸೀಸವನ್ನೂ ಹೊಸ ಸೀಸವನ್ನೂ ಪ್ರತ್ಯೇಕಿಸುವ ಉಪಾಯ ಇಲ್ಲದಿಲ್ಲ. ಅದಿರಿನಿಂದ ಹೊಸದಾಗಿ ತೆಗೆದ ಸೀಸದಲ್ಲಿ ಸೀಸ-210 ಎಂಬ ವಿಕಿರಣಶೀಲ ಸಮಸ್ಥಾನಿಯು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. 220 ವರ್ಷಗಳಲ್ಲಿ ಅದು ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಎರಡು ಸಾವಿರ ವರ್ಷಗಳಲ್ಲಿ ಇಲ್ಲವೇ ಆಗುತ್ತದೆ. ಈ ಕಾರಣದಿಂದಲೇ, ಸಮುದ್ರದಲ್ಲಿ ಮುಳುಗಿದ ರೋಮನ್ ಹಡಗಿನ ಸೀಸದ ಗಟ್ಟಿಗಳನ್ನು ಇಟಲಿಯ ಗ್ರಾನ್ ಸಾಸ್ಸೊ ಪರ್ವತದಡಿಯ ಪ್ರಯೋಗಾಲಯವು 2010ರಲ್ಲಿ ಸೂಕ್ಷ್ಮ ಉಪಕರಣಗಳ ರಕ್ಷಾಕವಚಕ್ಕಾಗಿ ಪಡೆದುಕೊಂಡಿತು. ಆದರೆ ಇಂತಹ ಪರೀಕ್ಷೆಯ ಖರ್ಚು ನಮ್ಮ ನಾಣ್ಯದ ಬೆಲೆಯನ್ನು ಮೀರಿಬಿಡುತ್ತದೆ. ಬೆಲೆ ಕಡಮೆಯಾದುದರಿಂದ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದುದರಿಂದ ನಂಬಿಕೆಯಿಲ್ಲ, ನಂಬಿಕೆಯಿಲ್ಲದುದರಿಂದ ಬೆಲೆಯಿಲ್ಲ.

ಅಗ್ಗವಾದುದರ ಅಪಾಯ

ಹಾಗಿದ್ದರೆ ಅಗ್ಗವಾಗಿಯೇ ಇರಲಿ, ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ, ಅದೂ ಸಾಮಾನ್ಯವಾದುದಲ್ಲ. ಬೆಲೆಯುಳ್ಳ ವಸ್ತುವನ್ನು ಜನ ಕಾಪಾಡುತ್ತಾರೆ, ಬೆಲೆಯಿಲ್ಲದುದನ್ನು ಕಾಪಾಡುವವರಿಲ್ಲ. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ತಾಮ್ರಕ್ಕೆ 1085 ಡಿಗ್ರಿ ಬೇಕು. ಅಡಿಗೆಮನೆಯ ಒಲೆಯೇ ಸೀಸದ ನಾಣ್ಯವನ್ನು ಬಲೆಯ ಗುಂಡಾಗಿ ಮಾರ್ಪಡಿಸಲು ಸಾಕು. ಕರಗಿಸದೆ ಇಟ್ಟರೂ ಅದು ಕ್ಷೇಮವಲ್ಲ. ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ, ತೇವ ಮತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಸೇರಿ ಸೀಸವನ್ನು ಬಿಳಿಯ ಪುಡಿಯನ್ನಾಗಿ ಮಾಡುತ್ತವೆ. ಹಿಂದಿನ ಕಾಲದಲ್ಲಿ ಬಿಳಿ ಬಣ್ಣವನ್ನು ತಯಾರಿಸಲು ಸೀಸದ ತಗಡುಗಳನ್ನು ವಿನಿಗರಿನ ಆವಿಗೆ ಒಡ್ಡುತ್ತಿದ್ದುದು ಇದೇ ಕ್ರಿಯೆಯ ಆಧಾರದ ಮೇಲೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ, ಮುಚ್ಚಿದ ಮರದ ಪೆಟ್ಟಿಗೆಯೊಳಗೆ, ಈ ಕ್ರಿಯೆಗೆ ಬೇಕಾದ ಎಲ್ಲ ಅನುಕೂಲತೆಗಳೂ ಇವೆ.

ಹೀಗೆ ನಾಶವಾದಂತೆಲ್ಲ ನಾಣ್ಯಗಳು ಇನ್ನೂ ವಿರಳವಾಗುತ್ತವೆ. ಆದರೆ ಬಯಸುವವರ ಸಂಖ್ಯೆ ಹೆಚ್ಚದೆ ಬೆಲೆ ಏರುವುದಿಲ್ಲ. ನೋಡಲು ಸಿಗದ ನಾಣ್ಯವನ್ನು ಬಯಸುವವರು ಇನ್ನೂ ಕಡಮೆಯಾಗಬಹುದು. ಕಳೆದುಹೋಗುವುದಾದರೂ ಏನು? ಮುಳಾನಂದನೆಂಬ ಅರಸನೊಬ್ಬನು ಇದ್ದನೆಂಬುದು ನಮಗೆ ತಿಳಿದಿರುವುದು ಮುಖ್ಯವಾಗಿ ಇಂತಹ ನಾಣ್ಯಗಳಿಂದ. ಕದಂಬರಿಗೆ ಹಿಂದಿನ ಬನವಾಸಿಯ ಚರಿತ್ರೆಗೆ ನಾಗಶಿಲ್ಪದ ಶಾಸನದಂತಹ ಕೆಲವೇ ಆಧಾರಗಳಿವೆ. ಅವುಗಳಲ್ಲಿ ಒಂದೊಂದು ನಾಣ್ಯವೂ ಒಂದೊಂದು ಸಾಕ್ಷಿ. ಯಾವ ನಾಣ್ಯ ಯಾವ ಊರಿನ ನೆಲದಲ್ಲಿ, ಯಾವ ವಸ್ತುಗಳ ಜೊತೆಗೆ ದೊರೆಯಿತು ಎಂಬ ಸಂಗತಿಯು ಆ ಅರಸರ ವ್ಯವಹಾರ ಎಲ್ಲಿಯವರೆಗೆ ಹಬ್ಬಿತ್ತೆಂಬುದನ್ನು ಸೂಚಿಸುತ್ತದೆ. ಪೇಟೆಯಲ್ಲಿ ಈ ಸಂಗತಿಗೆ ಬೆಲೆಯಿಲ್ಲ. ಚರಿತ್ರಕಾರನಿಗೆ ನಾಣ್ಯಕ್ಕಿಂತಲೂ ಅದೇ ಹೆಚ್ಚು.

ವಿದ್ಯಾರ್ಥಿಗಳು ಮಾಡಬಹುದಾದುದು

ಅಡಿಕೆ ತೋಟಕ್ಕೆ ಮಣ್ಣು ಹಾಕುವಾಗಲೋ ಗದ್ದೆ ಅಗೆಯುವಾಗಲೋ ಮಂಕುಬಣ್ಣದ ಭಾರವಾದ ಬಿಲ್ಲೆಯೊಂದು ಕಂಡರೆ ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಬಾರದು; ಮೆದುವಾದ ಸೀಸದ ಮೇಲಿನ ಅಕ್ಷರಗಳು ಅದರಿಂದ ಅಳಿದುಹೋಗುತ್ತವೆ. ಬಿಳಿಯ ಪುಡಿ ಬಂದಿದ್ದರೆ ನೀರಿನಲ್ಲಿ ಅದ್ದುವುದೂ ಬೇಡ. ಸೀಸ ವಿಷವಸ್ತುವಾದುದರಿಂದ ಮುಟ್ಟಿದ ಕೈಯನ್ನು ತೊಳೆದುಕೊಳ್ಳತಕ್ಕದ್ದು. ಸಿಕ್ಕಿದ ಸ್ಥಳ, ಆಳ, ದಿನ ಇವುಗಳನ್ನು ಬರೆದಿಟ್ಟು, ಎರಡೂ ಮುಖಗಳ ಛಾಯಾಚಿತ್ರ ತೆಗೆದು, ತೂಕವನ್ನೂ ಅಗಲವನ್ನೂ ಗುರುತಿಸಬೇಕು. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ನಮ್ಮ ರಾಜ್ಯದಲ್ಲಿ 1962ರಿಂದಲೂ ಇದೆ. ತಹಶೀಲ್ದಾರರ ಕಚೇರಿಗೆ ಅಥವಾ ಪುರಾತತ್ತ್ವ ಇಲಾಖೆಗೆ ಸುದ್ದಿ ಮುಟ್ಟಿಸುವುದು ಕರ್ತವ್ಯ. ಮನೆಯಲ್ಲಿ ಮೊದಲಿನಿಂದಲೂ ಇರುವ ಸೀಸದ ನಾಣ್ಯಗಳನ್ನು ಮರದ ಪೆಟ್ಟಿಗೆಯಿಂದ ತೆಗೆದು ಒಣಗಿದ ಗಾಜಿನ ಡಬ್ಬಿಯಲ್ಲಿಟ್ಟರೆ ಅವುಗಳ ಆಯುಷ್ಯ ಎಷ್ಟೋ ಹೆಚ್ಚುತ್ತದೆ.

ನಾಣ್ಯದ ಬೆಲೆಯು ಅದನ್ನು ಬಯಸುವವರ ಮತ್ತು ಉಳಿದಿರುವ ನಾಣ್ಯಗಳ ಸಂಖ್ಯೆಗಳನ್ನು ಅವಲಂಬಿಸಿದೆಯೆಂಬುದನ್ನು ನೋಡಿದೆವು. ಉಳಿದಿರುವ ಸಂಖ್ಯೆಯನ್ನು ಹೆಚ್ಚಿಸುವುದು ಯಾರಿಂದಲೂ ಆಗದು. ಆದರೆ ಬ್ರಾಹ್ಮೀ ಅಕ್ಷರಮಾಲೆಯನ್ನು ಕಲಿಯಲು ಒಬ್ಬ ವಿದ್ಯಾರ್ಥಿಗೆ ಕೆಲವು ವಾರಗಳು ಸಾಕು. ಹಾಗೆ ಕಲಿತವರು ಒಂದು ಶಾಲೆಗೆ ನಾಲ್ವರಾದರೂ ಇದ್ದರೆ, ಶಿರಸಿ ಸೀಮೆಯ ನೆಲದಲ್ಲಿ ಮುಂದೆ ದೊರೆಯುವ ಸೀಸದ ಬಿಲ್ಲೆಯು ಒಲೆಗೆ ಹೋಗುವ ಮೊದಲು ಅದರ ಮೇಲಿನ ಹೆಸರನ್ನು ಓದುವವರು ಊರಿನಲ್ಲಿಯೇ ಇರುತ್ತಾರೆ.